ಗೋದಲಿಯಲ್ಲಿ ಮಗುವೇ ಇಲ್ಲ

ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟ್ ನಾನು. ಹೊನ್ನಾವರದ ಫಿಲೋಮಿನಾ ಬಾಯಿ ಸೊಂಟ ಮುರಿದುಕೊಂಡ ಮೇಲೆ, ನಾನೆಷ್ಟು ಗೋಗರೆದರೂ ಒಂದು ಹೆಜ್ಜೆ ಇಟ್ಟವರಲ್ಲ.

ಡಿಸೆಂಬರ್ ಮೊದಲ ವಾರ ಹೋದಾಗ ಅವರ ಕೋಣೆಯ ಮೂಲೆಯಲ್ಲಿ ಕ್ರಿಸ್‌ಮಸ್ ಗೋದಲಿ ಸಿದ್ಧವಾಗಿತ್ತು. ಮೇರಿ, ಜೋಸೆಫ್, ದನ, ಕುರಿ ಎಲ್ಲ ಇದ್ದರೂ ಹುಲ್ಲಿನ ಮೇಲೆ ಮಗುವೇ ಇಲ್ಲ! ಬಿದ್ದುಹೋಯಿತೇನೋ ಎಂದು ಮಂಚದಡಿ ತೆವಳಿದೆ.

"ಎಂತ ಹುಡುಕ್ತೀ ಮಗಾ?"

"ಯೇಸು ಕಾಣ್ತಾ ಇಲ್ಲ, ಬಾಯಿ."

ಬಾಯಿ ಮಂಚ ಅಲುಗುವಂತೆ ನಕ್ಕರು. "ಹುಟ್ಟಲಿಕ್ಕೆ ಇನ್ನೂ ಮೂರು ವಾರ ಅದೆ. ಅಲ್ಲೀವರೆಗೆ ಆ ಕಪಾಟಿನಲ್ಲಿ ಇರ್ತಾನೆ. ಪ್ರತಿವರ್ಷ ಎತ್ತಿ ತಂದು ಮಲಗಿಸೂದು ನಾನೇ."

ಕಪಾಟಿನ ಕಡೆ ನೋಡಿದವರ ನಗು ನಿಂತಿತು.

"ವಾಕರ್ ತಾ. ಅವನೇ ನಡೆಸ್ತಾನೆ. ನೀ ಹಿಂದೆ ನಿಂತ್ರೆ ಸಾಕು."

ನಿಂತೆ. ಬಾಯಿ ಆರು ಹೆಜ್ಜೆ ನಡೆದರು.

ವರದಿಯಲ್ಲಿ ಮಾತ್ರ 'ನನ್ನ ಚಿಕಿತ್ಸೆಯಿಂದ ಸುಧಾರಣೆ' ಎಂದೇ ಬರೆದೆ. ಇನ್ನೂ ಹುಟ್ಟದವನ ಹೆಸರು ಹೇಗೆ ಬರೆಯಲಿ?