ತಿಮ್ಮಣ್ಣನ ಮ್ಯಾಟು

ನಮ್ಮ ಸಾರಕ್ಕಿಯಲ್ಲಿ ತಿಮ್ಮರಾಯಪ್ಪ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮ್ಯಾಟು ತಿಮ್ಮಣ್ಣ ಎಂದರೆ ಮಾರ್ಕೆಟ್ಟಿನ ಸೊಪ್ಪಿನವಳೂ ಮನೆ ತೋರಿಸುತ್ತಾಳೆ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ಅವರೂ ಹೆಂಡತಿ ಅಂಜನಮ್ಮನೂ ಇದ್ದಾರೆ, ಮೇಲೆಲ್ಲ ಬಾಡಿಗೆಯವರು. ಬೇರೆ ಮನೆಗಳಲ್ಲಿ ಸ್ಕೂಟರ್ ನಿಲ್ಲಿಸುವ ಮೆಟ್ಟಿಲ ಕೆಳಗಿನ ಜಾಗದಲ್ಲಿ ಇವರ ಮನೆಯಲ್ಲಿ ತೆಂಗಿನ ನಾರಿನ ದೊಡ್ಡದೊಂದು ಸುರುಳಿ ಬಿದ್ದಿರುತ್ತದೆ. ಅದೇ ಮ್ಯಾಟು. ಹುಲ್ಲಿನ ಪಿಚ್ಚಿನ ಯೋಗವಿಲ್ಲದ ನಮ್ಮಂಥ ಸಣ್ಣ ಕ್ಲಬ್ಬುಗಳು ಮಣ್ಣಿನ ಮೇಲೆ ಅದನ್ನು ಹಾಸಿ, ಸುತ್ತಲೂ ಮೊಳೆ ಹೊಡೆದು, ಅದರ ಮೇಲೆಯೇ ಕ್ರಿಕೆಟ್ ಆಡುವುದು.

ಕ್ಲಬ್ಬಿನ ಹೆಸರು ಶ್ರೀ ಮುನೇಶ್ವರ ಕ್ರಿಕೆಟರ್ಸ್. ಬೀದಿ ಕೊನೆಯ ಮುನೇಶ್ವರನ ಗುಡಿ ಜಗಲಿಯ ಮೇಲೆ, ಮೀಸೆ ಚಿಗುರುವ ವಯಸ್ಸಿನಲ್ಲಿ, ಗೆಳೆಯರನ್ನು ಕೂಡಿಸಿಕೊಂಡು ತಿಮ್ಮಣ್ಣ ಕಟ್ಟಿದ್ದು. ಹಾಗೆಂದು ಅವರೇನೂ ದೊಡ್ಡ ಆಟಗಾರರಲ್ಲ. ಬ್ಯಾಟು ಹಿಡಿದರೆ ಗುದ್ದಲಿ ಹಿಡಿದಂತೆಯೇ ಕಾಣುತ್ತಿತ್ತು. ಬೌಲಿಂಗ್ ಕೊಟ್ಟರೆ ಅಂಪೈರಿಗೂ ಭಯ. ಆದರೆ ಭಾನುವಾರ ಬೆಳಗಾದರೆ ಮ್ಯಾಟನ್ನು ಟೆಂಪೋಗೆ ಹೇರಿಸಿ, ಮೈದಾನದಲ್ಲಿ ಬಿಚ್ಚಿಸಿ, ನೀರು ಚಿಮುಕಿಸಿ, ಮೊಳೆ ಹೊಡೆಯುವವರು ಅವರೇ. ಕೊನೆಗೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಎಲ್ಲಾದರೂ ಸುಕ್ಕು ಅಂಗಾಲಿಗೆ ಸಿಕ್ಕಿದರೆ ನಿಂತುಬಿಡುತ್ತಿದ್ದರು. “ಇಲ್ಲಿ ಎಳೀರಪ್ಪ, ಬಾಲ್ ಎಗರುತ್ತೆ” ಎನ್ನುತ್ತಿದ್ದರು. ಎಳೆಯಲು ಎರಡೂ ತುದಿಗೆ ಜನ ಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ.

ನಾನು, ದಿನೇಶ, ಆ ಕ್ಲಬ್ಬಿನ ವಿಕೆಟ್ ಕೀಪರ್. ಐವತ್ತು ದಾಟಿದ ಮೇಲೂ ಕೀಪರ್. ಬಗ್ಗಿದರೆ ಮಂಡಿ ಕಟಕಟ ಎನ್ನುತ್ತಿತ್ತು, ಆದರೂ ಬಿಡುಗಡೆ ಸಿಕ್ಕಿರಲಿಲ್ಲ, ಯಾಕೆಂದರೆ ಆ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಹನ್ನೊಂದರಲ್ಲಿ ಹೆಸರು ಬರಲಿಲ್ಲವೆಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಬರಬರುತ್ತ ಶನಿವಾರ ಸಂಜೆ ಒಬ್ಬೊಬ್ಬನಿಗೂ ಫೋನ್ ಮಾಡಿ ಗೋಗರೆಯಬೇಕಾಯಿತು. ಹುಡುಗರಿಗೆ ಕ್ರಿಕೆಟ್ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮೆಲ್ಬರ್ನಿನ ಪಿಚ್ಚಿನಲ್ಲಿ ನಾಲ್ಕನೇ ದಿನ ಬಾಲ್ ಎಷ್ಟು ತಿರುಗುತ್ತದೆಂದು ಗಂಟೆಗಟ್ಟಲೆ ವಾದಿಸುತ್ತಾರೆ. ಮನೆ ಮುಂದಿನ ಮ್ಯಾಟಿಗೆ ಒಂದು ಮೊಳೆ ಹೊಡೆಯಿರಿ ಎಂದರೆ ಸೊಂಟ ನೋವು. ಹಿತ್ತಲ ಗಿಡ ಮದ್ದಲ್ಲ.

ಇಂಡಿಯಾ ಮ್ಯಾಚಿನ ಹುಚ್ಚು ತಿಮ್ಮಣ್ಣನಿಗೆ ಹುಡುಗರಿಗಿಂತ ಒಂದು ಕೈ ಹೆಚ್ಚೇ. ಆಡುವವರಿಗಿಂತ ನೋಡುವವರ ಕೈಯಲ್ಲೇ ಗೆಲುವಿದೆ ಎಂದು ನಂಬಿದ ಮನುಷ್ಯ. ಎರಡು ಸಾವಿರದ ಹನ್ನೊಂದರ ಫೈನಲ್ ದಿನ ಅಕಸ್ಮಾತ್ ಹೊಸ್ತಿಲ ಪಕ್ಕ ನಿಂತಿದ್ದರು, ಆಗ ಒಂದು ಫೋರ್ ಹೋಯಿತು. ಅಲ್ಲಿಂದ ಕೊನೆಯ ಸಿಕ್ಸರ್‌ವರೆಗೂ ಕೂರಲೇ ಇಲ್ಲ. ಊಟವನ್ನೂ ಅಂಜನಮ್ಮ ನಿಂತಲ್ಲಿಗೇ ತಂದುಕೊಟ್ಟರು. ಆ ಕಪ್ಪಿನಲ್ಲಿ ತಮಗೂ ಒಂದು ಪಾಲಿದೆ ಎಂಬ ಸಮಾಧಾನ ಅವರ ಮುಖದಲ್ಲಿ ಇವತ್ತಿಗೂ ಕಾಣುತ್ತದೆ.

ಈ ನಂಬಿಕೆಯೇ ಅವರಿಗೆ ಉರುಳಾಯಿತು.

ಎರಡು ಸಾವಿರದ ಇಪ್ಪತ್ತಮೂರರ ವಿಶ್ವಕಪ್ ವೇಳೆಗೆ ನಮ್ಮ ಲೀಗಿನಲ್ಲಿ ನಾವು ಆಗಲೇ ಎರಡು ಪಂದ್ಯ ಬಿಟ್ಟುಕೊಟ್ಟಿದ್ದೆವು. ಆಡಿ ಸೋತದ್ದಲ್ಲ, ಜನ ಬರದೆ ಸೋತದ್ದು. ಒಂದೇ ಸೀಸನ್ನಿನಲ್ಲಿ ಮೂರನೇ ಸಲ ಹಾಗಾದರೆ ಕ್ಲಬ್ಬಿನ ಹೆಸರೇ ಲೀಗಿನಿಂದ ಹೋಗುತ್ತದೆ. ಕೊನೆಯ ಪಂದ್ಯ ಬಿಳೇಕಹಳ್ಳಿ ಆಚೆಯ ಮೈದಾನದಲ್ಲಿ, ಭಾನುವಾರ ಬೆಳಗ್ಗೆ ಒಂಬತ್ತಕ್ಕೆ. ಅದೇ ದಿನ ಮಧ್ಯಾಹ್ನ ಇಂಡಿಯಾ ಫೈನಲ್.

ಬುಧವಾರದ ಸೆಮಿಫೈನಲ್ಲನ್ನು ಹುಡುಗರು ತಿಮ್ಮಣ್ಣನ ಟೆರೇಸಿನಲ್ಲಿ ಪರದೆ ಕಟ್ಟಿ ನೋಡಿದ್ದರು. ಕೂರಲು ಮ್ಯಾಟನ್ನೇ ಮೇಲಕ್ಕೆ ಹೊತ್ತಿದ್ದರು. ಟೆರೇಸಿನ ಉದ್ದ ಸಾಲದೆ ಒಂದು ತುದಿ ಸುರುಳಿಯಾಗಿಯೇ ಉಳಿದಿತ್ತು, ಅದಕ್ಕೆ ತಿಮ್ಮಣ್ಣ ಒರಗಿ ಕೂತಿದ್ದರು. ಇಂಡಿಯಾ ಗೆದ್ದಿತು. ನಮ್ಮ ಕ್ಯಾಪ್ಟನ್ ವಿಶ್ರುತ್ ಎದ್ದು ನಿಂತು ಅಪ್ಪಣೆ ಕೊಡಿಸಿದ.

“ಫೈನಲ್‌ವರ್ಗೂ ಈ ಮ್ಯಾಟ್ ಯಾರೂ ಮುಟ್ಟಂಗಿಲ್ಲ ಗುರು. ಎಲ್ರೂ ಇದೇ ಜಾಗ. ತಿಮ್ಮಣ್ಣ, ನೀವೂ ಅಲ್ಲೇ ಒರಗ್ಬೇಕು.”

ತಿಮ್ಮಣ್ಣ ಗಂಭೀರವಾಗಿ ತಲೆಯಾಡಿಸಿದರು. ಭಾನುವಾರದ ನಮ್ಮ ಪಂದ್ಯ ಆ ಗಳಿಗೆಯಲ್ಲಿ ಅವರಿಗೂ ನೆನಪಾಗಲಿಲ್ಲ.

ಶನಿವಾರ ಸಂಜೆ ಹೋದಾಗ ಟೆರೇಸಿನಲ್ಲಿ ಒಬ್ಬರೇ ಕೂತಿದ್ದರು. ಅತ್ತ ದರಿ ಇತ್ತ ಪುಲಿ.

“ಎತ್ಲೇನೋ ದಿನೇಶ? ಎತ್ತಿದ್ರೆ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ತಿಮ್ಮಣ್ಣ, ಅಲ್ಲಿ ಆಡೋವ್ರಿಗೆ ನಿಮ್ಮ ಮ್ಯಾಟ್ ಇರೋದೇ ಗೊತ್ತಿಲ್ಲ. ಎತ್ತದಿದ್ರೆ ನಮ್ಮ ಕ್ಲಬ್ ಹೋಗುತ್ತೆ, ಅದು ಗ್ಯಾರಂಟಿ” ಎಂದೆ.

ಅವರು ನಾರಿನ ಮೇಲೆ ಬಹಳ ಹೊತ್ತು ಕೈಯಾಡಿಸಿದರು. “ಹುಡುಗ್ರು ಬರ್ತಾರಾ?” ಎಂದು ಕೇಳಿದರು. ನನ್ನನ್ನು ಬಿಟ್ಟು ಉಳಿದ ಹತ್ತೂ ಜನ ಫೋನಿನಲ್ಲಿ ಹೂಂ ಎಂದಿದ್ದರು, ಅದನ್ನೇ ಹೇಳಿದೆ. “ಸರಿ, ಎತ್ತೋಣ” ಎಂದರು.

ಬೆಳಗ್ಗೆ ಇಳಿಸಲು ಬಂದವರು ಎರಡನೇ ಮಹಡಿಯ ಬಾಡಿಗೆ ಹುಡುಗರಾದ ಹನಮಂತ ಮತ್ತು ಸಿದ್ದಾರೂಢ. ಬಾಗಲಕೋಟೆ ಕಡೆಯವರು, ನಮ್ಮ ಇಬ್ಬರು ಬೌಲರ್‌ಗಳು. “ಏನ್ ವಜ್ಜಿ ಐತ್ರಿ ಯಜಮಾನ್ರ, ಎಮ್ಮಿ ಹೊತ್ತಂಗಾತು” ಎಂದು ಹನಮಂತ ಏದುಸಿರು ಬಿಟ್ಟ. ಮೈದಾನದಲ್ಲಿ ನಾವು ನಾಲ್ವರೇ ಮ್ಯಾಟು ಹಾಸಿ, ಎಳೆದು, ಮೊಳೆ ಹೊಡೆದೆವು. ಐದನೆಯವನಾಗಿ ತಂಡದ ಇನ್ನೊಬ್ಬ ಹುಡುಗ ಮನು ಬಂದ. ತಿಮ್ಮಣ್ಣನನ್ನು ಲೆಕ್ಕಕ್ಕೆ ಹಿಡಿದರೂ ಐದೇ ಜನ, ಪಂದ್ಯ ಶುರುವಾಗಲು ಏಳು ಜನ ಬೇಕು.

ಒಂಬತ್ತಾಯಿತು. ಎದುರು ತಂಡ ಬಿಳಿ ಬಟ್ಟೆ ಹಾಕಿಕೊಂಡು ಗಡಿಯಾರ ನೋಡುತ್ತಿತ್ತು. ಆಗ ತಿಮ್ಮಣ್ಣನಿಗೆ ಫೋನ್ ಬಂತು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿನಲ್ಲೇ ಮಾತು.

“ಅಣ್ಣಾ, ಟೆರೇಸಿಗೆ ಬಂದಿದೀವಿ. ಪರದೆ ಕಟ್ತಾ ಇದೀವಿ. ಮ್ಯಾಟ್ ಎಲ್ಲಿ?” ವಿಶ್ರುತನ ಧ್ವನಿ.

“ಗ್ರೌಂಡಲ್ಲಿದೆ ಕಣಪ್ಪ. ನೀವೂ ಇಲ್ಲೇ ಇರ್ಬೇಕಿತ್ತಲ್ಲ.”

“ಏನಣ್ಣ ನೀವು, ಎತ್ತಬೇಡಿ ಅಂತ ಅಷ್ಟು ಹೇಳಿದ್ನಲ್ಲ.”

“ಇಬ್ರು ಬಂದ್ರೆ ಸಾಕಪ್ಪ. ಇಬ್ರೇ ಇಬ್ರು. ಮಧ್ಯಾಹ್ನದೊಳಗೆ ಮುಗಿಸಿ ಮ್ಯಾಟ್ ತಂದು ಮತ್ತೆ ಅಲ್ಲೇ ಹಾಸ್ಕೊಡ್ತೀನಿ.”

“ಜೆಪಿ ನಗರ ದಾಟೋದ್ರೊಳಗೆ ಹತ್ತಾಗುತ್ತಣ್ಣ” ಎಂದ ವಿಶ್ರುತ್.

ಅಂಪೈರ್ ಒಳ್ಳೆಯ ಮನುಷ್ಯ, ನಿಯಮಕ್ಕಿಂತ ಹೆಚ್ಚೇ ಕಾದರು. ಕೊನೆಗೆ ಬೇಲ್ಸ್ ಎತ್ತಿ ಜೇಬಿಗೆ ಹಾಕಿಕೊಂಡರು. ತಿಮ್ಮಣ್ಣ ಎದುರು ತಂಡದವರ ಬಳಿ ಹೋಗಿ, “ಹಾಸಿ ಆಗಿದೆ, ಸುಮ್ನೆ ಒಂದೈದು ಓವರ್ ಆಡ್ತೀರಾ?” ಎಂದು ಕೇಳಿದರು. “ಫೈನಲ್ ಇದೆಯಲ್ಲ ಅಂಕಲ್” ಎಂದು ಅವರೂ ಬೈಕ್ ಹತ್ತಿದರು. ಅಷ್ಟು ವರ್ಷದ ಕ್ಲಬ್ಬು ಒಂದು ಬಾಲ್ ಕೂಡ ಬೀಳದೆ ಮುಗಿದುಹೋಯಿತು. ತಿಮ್ಮಣ್ಣ ಬಗ್ಗಿ ಒಂದೊಂದೇ ಮೊಳೆ ಕೀಳತೊಡಗಿದರು.

ರಾತ್ರಿ ಇಂಡಿಯಾ ಸೋತಿತು.

ಗೂಬೆ ಕೂರಿಸಲು ತಲೆ ಸಿದ್ಧವಾಗಿಯೇ ಇತ್ತು. ಟೆರೇಸಿನಿಂದ ಇಳಿಯುತ್ತಿದ್ದ ಹುಡುಗರಲ್ಲಿ ಒಬ್ಬ, “ಮ್ಯಾಟ್ ಎತ್ತಿದಾಗ್ಲೇ ಅನ್ಕೊಂಡೆ ಮಗಾ” ಎಂದ. ಬಾಗಿಲಲ್ಲಿ ನಿಂತಿದ್ದ ತಿಮ್ಮಣ್ಣನಿಗೆ ಆ ಮಾತು ಮಾತ್ರ ಚೆನ್ನಾಗಿಯೇ ಕೇಳಿಸಿತು. ನಾನು ಬಯ್ಯಲು ಹೋದೆ. ಅವರು ನನ್ನ ತೋಳು ಹಿಡಿದರು.

“ಬಿಡೋ. ಅವ್ನು ಹೇಳೋದ್ರಲ್ಲಿ ತಪ್ಪೇನಿದೆ? ಕ್ಲಬ್ಬೂ ಉಳೀಲಿಲ್ಲ, ಇಂಡಿಯಾನೂ ಗೆಲ್ಲಲಿಲ್ಲ. ನಾನು ಎತ್ತಬಾರದಿತ್ತು.”

ಅವರು ಅದನ್ನು ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಅಷ್ಟು ಸಂಕಟವಾದದ್ದು.

ಅಂದಿನಿಂದ ಅವರು ಇಂಡಿಯಾ ಮ್ಯಾಚ್ ನೋಡುವುದನ್ನೇ ಬಿಟ್ಟರು. ತಮ್ಮ ಕಣ್ಣು ಬಿದ್ದರೆ ಸೋಲುತ್ತಾರೆ ಎಂಬ ಹೊಸ ನಂಬಿಕೆ. ಟಿವಿ ಹಾಕಿದರೆ ಎದ್ದು ಹೊರಗೆ ಹೋಗುತ್ತಾರೆ. ಮ್ಯಾಟಿನ ಮೇಲೆ ಹನಮಂತನ ತಾಯಿ ಪಾರವ್ವ ಊರಿಂದ ಬಂದಾಗ ಬಟ್ಟೆ ಹರಡಿ ಶಾವಿಗೆ ಒಣಗಿಸಿದರು. ಬೇಡವೆನ್ನಲಿಲ್ಲ.

ಮುಂದೆ ಇಂಡಿಯಾ ಮತ್ತೊಂದು ಫೈನಲ್ ತಲುಪಿತು. ವಿಶ್ರುತ್ ಬಂದು, ನೆಲ ನೋಡುತ್ತ, ಮ್ಯಾಟು ಕೇಳಿದ. ನಾನಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ತಿಮ್ಮಣ್ಣ ಹುಡುಗರಿಂದ ಹೊರಿಸಿ, ಟೆರೇಸಿನಲ್ಲಿ ತಾವೇ ನಿಂತು ಹಾಸಿಸಿದರು. ಕಾಂಕ್ರೀಟಿಗೆ ಮೊಳೆ ಇಳಿಯುವುದಿಲ್ಲವಲ್ಲ, ಅಂಚಿಗೆ ಇಟ್ಟಿಗೆ ಇಡಿಸಿದರು. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಉದ್ದಕ್ಕೂ ನಡೆದರು. ನಡುವೆ ಒಂದು ಕಡೆ ಕಾಲು ನಿಂತಿತು.

“ಇಲ್ಲಿ ಎಳೀರಪ್ಪ.”

ಚಿಪ್ಸ್ ತಿನ್ನುತ್ತ ಕೂರಲೆಂದೇ ಹಾಸಿದ ಆ ಮ್ಯಾಟನ್ನು ಹುಡುಗರಿಬ್ಬರು ಎರಡು ಕಡೆ ಹಿಡಿದು ಎಳೆದರು. ಯಾರೂ ನಗಲಿಲ್ಲ. ಅವರು ಇನ್ನೊಮ್ಮೆ ಅಂಗಾಲಿನಿಂದ ಸವರಿ ನೋಡಿ, ಚಪ್ಪಲಿ ಮೆಟ್ಟಿ, ಕೆಳಗಿಳಿದು ಹೋದರು.

ಆಟ ಮುಗಿಯುವವರೆಗೂ ಮುನೇಶ್ವರನ ಗುಡಿ ಜಗಲಿಯ ಮೇಲೆ, ಫೋನ್ ಆಫ್ ಮಾಡಿ, ಬೀದಿಗೆ ಬೆನ್ನು ಹಾಕಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಬೀದಿಯಲ್ಲಿ ಪಟಾಕಿ ಸಿಡಿದಾಗ ಕಣ್ಣು ಮುಚ್ಚಿ ಕೈ ಮುಗಿದರು.

“ನೋಡ್ದಾ? ಮ್ಯಾಟ್ ಅಲ್ಲೇ ಇತ್ತು, ನಾನು ಇಲ್ಲಿದ್ದೆ. ಗೆದ್ರು.”

ಹುಡುಗರು ಕುಣಿದು ಬೈಕುಗಳಲ್ಲಿ ಮೆರವಣಿಗೆ ಹೊರಟ ಮೇಲೆ ನಾವಿಬ್ಬರು ಟೆರೇಸಿಗೆ ಹತ್ತಿದೆವು. ಮ್ಯಾಟಿನ ತುಂಬ ಕಡಲೇಬೀಜದ ಸಿಪ್ಪೆ, ಚೆಲ್ಲಿದ ಪೆಪ್ಸಿ. ಅವರು ಒದ್ದೆ ಬಟ್ಟೆ ತಂದು ಒರೆಸಿದರು.

“ಇನ್ನು ಇದನ್ನ ಏನ್ ಮಾಡ್ತೀರಾ ತಿಮ್ಮಣ್ಣ?” ಎಂದು ಕೇಳಿದೆ.

“ಮುಂದಿನ ಫೈನಲ್‌ಗೆ ಬೇಕಾಗುತ್ತಲ್ಲ” ಎಂದರು. “ಆ ತುದಿ ಹಿಡ್ಕೊ.”

ನಾನು ಹಿಡಿದುಕೊಂಡೆ.