ಗಾಲಿಗೆ ಹಚ್ಚಿದ ಎಣ್ಣೆ

ಹೊಳೆಯುವ ವಸ್ತುವೆಂದರೆ ನನಗೆ ಮೊದಲಿನಿಂದಲೂ ಒಂದು ಹುಚ್ಚು ನೋಡಿ. ತಂಬಿಗೆಯೋ, ಚಪ್ಪಲಿಯೋ, ಬಾಗಿಲ ಚಿಲಕವೋ, ಕೈಗೆ ಸಿಕ್ಕಿದ್ದನ್ನು ಉಜ್ಜಿ ಉಜ್ಜಿ ಅದರಲ್ಲಿ ನನ್ನ ಮೂಗು ಕಾಣುವವರೆಗೆ ಬಿಡುತ್ತಿರಲಿಲ್ಲ. "ಸಾಕು ಬಿಡಪ್ಪ, ತಂಬ್ಗಿ ಸವದು ತೂತ್ ಬಿದ್ದೀತು" ಎಂದು ಅವ್ವ ನಗುತ್ತಿದ್ದಳು. ಇದೇನು ಮಹಾ ದುರ್ಗುಣ ಎಂದು ನಿಮಗನಿಸಬಹುದು. ಇಪ್ಪತ್ತರ ಪ್ರಾಯದವರೆಗೆ ನನಗೂ ಹಾಗೇ ಅನಿಸಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ನಮ್ಮ ಓಣಿಯ ತಿರುವಿನಲ್ಲೇ ಗೆಳೆಯ ಹಬೀಬನ ತಂದೆಯ ಸೈಕಲ್ ರಿಪೇರಿ ಅಂಗಡಿ. ಹಬೀಬನ ಕೈಗುಣ ದೊಡ್ಡದು; ಡೊಂಕು ಗಾಲಿಯನ್ನು ಒಮ್ಮೆ ತಿರುಗಿಸಿ, ಕಿವಿಗೊಟ್ಟು, ಯಾವ ಕಡ್ಡಿ ಸಡಿಲವೆಂದು ಹೇಳಿಬಿಡುತ್ತಿದ್ದ. ರಜೆ ಬಂತೆಂದರೆ ನಾವಿಬ್ಬರೂ ಅವನ ಸೈಕಲ್ಲೇರಿ ಹರಿಹರದ ದಾರಿಯ ಬಾತಿ ಗುಡ್ಡಕ್ಕೆ ಹೊರಡುವವರೇ. ಕುರಿಗಳು ಓಡಾಡಿ ಸವೆದ ಕಾಲುದಾರಿಯಲ್ಲಿ ಸೈಕಲ್ ತಳ್ಳುತ್ತ ಹತ್ತಿ, ಕೆಳಗಿನ ಕೆರೆಯನ್ನೂ ಗದ್ದೆಗಳ ಹಸಿರನ್ನೂ ಕಣ್ತುಂಬ ನೋಡಿ, ಆಮೇಲೆ ಸರದಿಯಂತೆ ಒಬ್ಬೊಬ್ಬರೇ ಇಳಿಯುವುದು. ಆ ಇಳಿಜಾರಿನಲ್ಲಿ ಹೊಟ್ಟೆಯೊಳಗಿಂದ ಸುಮ್ಮಸುಮ್ಮನೆ ಉಕ್ಕಿ ಬರುವ ನಗುವನ್ನು ಬಣ್ಣಿಸಲು ನನಗೆ ಬಾರದು.

ಆ ವರ್ಷ ಆಯುಧಪೂಜೆಗೆ ಹಬೀಬ ನಮ್ಮ ಮನೆಗೆ ಊಟಕ್ಕೆ ಬಂದ. ಹಿಂದಿನ ದಿನವಷ್ಟೇ ತನ್ನ ಸೈಕಲ್ಲಿಗೆ ತಾನೇ ಹೊಸ ಬ್ರೇಕ್ ರಬ್ಬರು ಹಾಕಿಕೊಂಡಿದ್ದ. "ಇನ್ನೊಂದ್ ಹೋಳ್ಗಿ ಹಾಕಿಸ್ಕೋ ಹಬೀಬ, ನಾಚ್ಕೋಬ್ಯಾಡ" ಎಂದು ಅವ್ವ ಬಡಿಸುತ್ತಿದ್ದಾಗ, ನಾನು ಹೊರಗೆ ಅವನ ಸೈಕಲ್ ತೊಳೆದು, ಚೆಂಡುಹೂವಿನ ಹಾರ ಹಾಕಿ, ಹಬ್ಬದ ದಿನ ಫಳಫಳ ಹೊಳೆಯಲೆಂದು ರಿಮ್ಮಿಗೆಲ್ಲ ಕೊಬ್ಬರಿ ಎಣ್ಣೆ ಸವರಿದೆ. ಬ್ರೇಕಿನ ರಬ್ಬರು ಹಿಡಿಯುವುದು ಆ ರಿಮ್ಮನ್ನೇ ಎಂಬುದು ಹೊಳಪಿನ ಮುಂದೆ ತಲೆಗೆ ಬರಲಿಲ್ಲ. ಅಯ್ಯೋ ನನ್ನ ಬುದ್ಧಿಯೇ! "ಮದುಮಗನ ಹಂಗೆ ಮಾಡೀಯಲ್ಲೋ" ಎಂದು ಹಬೀಬ ಹಿಗ್ಗಿದ.

ಊಟ ಮುಗಿಸಿ ಇಬ್ಬರೂ ಗುಡ್ಡಕ್ಕೆ ಹೊರಟೆವು. ಬಾತಿಯವರೆಗೆ ರಸ್ತೆ ಸಪಾಟು, ಬ್ರೇಕಿನ ಗೊಡವೆಯೇ ಬರಲಿಲ್ಲ. ಗುಡ್ಡದ ಮೇಲಿಂದ ಮೊದಲ ಸರದಿ ಅವನದು. ಅರ್ಧ ಇಳಿದಿರಬೇಕು, "ಹಿಡೀವಲ್ದೋ!" ಎಂಬ ಕೂಗು ಕೇಳಿತು. ನಾನು ಓಡಿ ಮುಟ್ಟುವಷ್ಟರಲ್ಲಿ ಬಂಡೆಯ ಪಕ್ಕ ಮೊಣಕಾಲು ಹಿಡಿದುಕೊಂಡು ಬಿದ್ದಿದ್ದ. ದಾರಿಯಲ್ಲಿ ಸಿಕ್ಕ ಗಾಡಿಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದೆ. ಆಮೇಲೆ ಸೈಕಲ್ ಮನೆಗೆ ತಂದಾಗ ರಿಮ್ಮಿನ ಮೇಲೆ ಬೆರಳು ಜಾರಿತು, ಎಲ್ಲ ಅರ್ಥವಾಯಿತು. ನಾನು ಏನು ಮಾಡಿದೆ ಗೊತ್ತೇ? ಸೀಮೆಎಣ್ಣೆಯ ಬಟ್ಟೆಯಿಂದ ಅದನ್ನು ಒರೆಸಿಬಿಟ್ಟೆ.

ಮರುದಿನ ಆಸ್ಪತ್ರೆಯಲ್ಲಿ ಹಬೀಬನ ತಂದೆ ಮಂಚದ ಪಕ್ಕ ನಿಂತು, "ತನ್ ಸೈಕಲ್ಲಿಗೇ ಬ್ರೇಕ್ ಬಿಗಿಯಾಕ ಬರಲಿಲ್ಲ ಇವಂಗೆ. ಮಂದಿ ಜೀವ ಹೆಂಗೆ ಇವನ ಕೈಗೆ ಕೊಡ್ಲಿ?" ಎಂದರು. ಸಿಟ್ಟಲ್ಲ, ಸಂಕಟ. "ಹೌದು ಅಬ್ಬಾ, ನಾನ ಸರಿ ಬಿಗಿದಿಲ್ಲ" ಎಂದು ಹಬೀಬ ಗೋಡೆಯ ಕಡೆ ಹೊರಳಿದ. ನಾನು ನೀರು ತರುವ ನೆವದಲ್ಲಿ ಹೊರಗೆ ಹೋದೆ.

ಕುಂಟುಗಾಲಿನ ಹಬೀಬ ಹರಿಹರದಲ್ಲಿ ಚಿಕ್ಕಪ್ಪನ ಬಳೆ ಅಂಗಡಿಯಲ್ಲಿ ಕುಳಿತ. ನಟ್ಟು ಬಿಗಿಯುವ ಪಾನಾ ಮತ್ತೆ ಮುಟ್ಟಲಿಲ್ಲ. ಪಂಕ್ಚರ್ ಆದರೂ ಬೇರೆಯವರ ಹತ್ತಿರ ಹಾಕಿಸುತ್ತಿದ್ದ. ನಾನು ಪ್ರತಿ ಸಲವೂ ಇವತ್ತು ಹೇಳಿಯೇ ಬಿಡುತ್ತೇನೆಂದು ಹೋಗಿ, ಚಹಾ ಕುಡಿದು, ಲೋಕಾಭಿರಾಮ ಮಾತಾಡಿ, ತುಂಗಭದ್ರೆಯ ಸೇತುವೆ ನೋಡಿಕೊಂಡು ವಾಪಸು ಬರುತ್ತಿದ್ದೆ. ಎಣ್ಣೆ ಹಚ್ಚಿದ್ದು ಅರ್ಧ ಗಳಿಗೆಯ ದಡ್ಡತನ, ಮುಚ್ಚಿಟ್ಟದ್ದು ಏಳು ವರ್ಷ. ಎರಡನೆಯದಕ್ಕೆ ದಡ್ಡತನ ಎಂಬ ಹೆಸರೂ ಸಲ್ಲದು.

ಅವನ ತಂದೆ ತೀರಿಕೊಂಡ ಮೇಲೆ ತಡೆಯಲಾಗಲಿಲ್ಲ. ಬಳೆ ಅಂಗಡಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಹಬೀಬ ಬೈಯುತ್ತಾನೆಂದುಕೊಂಡೆ, ಬೈಯಲೆಂದೇ ಹಂಬಲಿಸಿದೆ. ಅವನು ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡ.

"ಅಬ್ಬಾ ಇದ್ದಾಗ ಹೇಳಬಾರ್ದಾಗಿತ್ತೇನೋ?" ಎಂದ.

ಅಷ್ಟರಲ್ಲಿ ಗಿರಾಕಿಗಳು ಬಂದರು. "ಬರ್ರಿ ಅಕ್ಕಾರ, ಕೂಡ್ರಿ" ಎಂದು ಅವರ ಕಡೆ ತಿರುಗಿದವನು ಮತ್ತೆ ನನ್ನ ಕಡೆ ತಿರುಗಲಿಲ್ಲ.