ಟೀಚರಮ್ಮನ ಉಪವಾಸ

ಚೆನ್ನೈನ ವೇಲಚೇರಿಗೆ ಮಾಲ್‌ಗಳು ಬರುವ ಮುಂಚೆ, ಅಲ್ಲಿನ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸ, ಲೆಂಟ್, ಬಂತೆಂದರೆ ಒಬ್ಬರು ಮೀನು ಬಿಡುತ್ತಿದ್ದರು, ಇನ್ನೊಬ್ಬರು ಕಾಫಿ. ಸಂಡೇ ಸ್ಕೂಲ್ ಟೀಚರಮ್ಮ ಒಂದು ವರ್ಷ ಜಗಳ ಬಿಟ್ಟರು. ಯಾರು ಕೆಣಕಿದರೂ ಕನ್ನಡಕ ಒರೆಸುತ್ತಾ, “ಈಸ್ಟರ್ ಆಗಲಿ, ನೋಡ್ಕೋತೀನಿ” ಎನ್ನುವರು.

ಇದನ್ನರಿತ ನಮ್ಮ ಸಭೆಯ ಖಜಾಂಚಿಗಳು ಶುಕ್ರವಾರದ ಶಾಂತಿ ಪ್ರಾರ್ಥನೆಯಲ್ಲಿ ಫ್ಯಾನಿನ ಕೆಳಗಿನ ಟೀಚರಮ್ಮನ ಖಾಯಂ ಜಾಗವನ್ನು ಆಕ್ರಮಿಸಿದರು. “ಸೆಖೆ ಜಾಸ್ತಿ ಅಲ್ವಾ, ಸಿಸ್ಟರ್?” ಎಂದು ವಿಚಾರಿಸಿದರು ಬೇರೆ.

ಟೀಚರಮ್ಮ ಬೆವರುತ್ತಾ ಕನ್ನಡಕ ಒರೆಸಿದರು. “ಪರವಾಯಿಲ್ಲೆ ಬ್ರದರ್. ಈಸ್ಟರ್ ಆಗಲಿ.”

ಹೀಗೆ ಪ್ರತಿ ಶುಕ್ರವಾರ ಲೋಕಶಾಂತಿಗಾಗಿ ಪ್ರಾರ್ಥಿಸಿದೆವು.

ಈಸ್ಟರ್ ಬೆಳಗ್ಗೆ ಖಜಾಂಚಿಗಳು ಬಾಗಿಲ ಪಕ್ಕ ಮುದುಡಿ ಕುಳಿತಿದ್ದರು. ಟೀಚರಮ್ಮ ಫ್ಯಾನಿನ ಕೆಳಗೆ ಸರಿದು ಜಾಗ ಮಾಡಿದರು. “ಇಲ್ಲೇ ಬನ್ನಿ ಬ್ರದರ್. ಆರಾಧನೆ ಮುಗೀಲಿ.”

ಖಜಾಂಚಿಗಳು ಎದ್ದು ನಿಂತು ಲೋಕಶಾಂತಿಗಾಗಿ ಪ್ರಾರ್ಥನೆ ಆರಂಭಿಸಿದರು. ಮುಗಿಸುವ ಲಕ್ಷಣವೇ ಕಾಣಲಿಲ್ಲ.